ಅಜ್ಜಿಯ ಕ್ಲೋಸಪ್ಪೂ 180 ವೋಲ್ಟೂ!

ನಿಮ್ಮ ಬಸ್ಸು ಹೊರಡೋಕೆ ಇನ್ನೂ ಟೈಮಿದೆ ತಾನೆ? ಕಂಡಕ್ಟರು ಟೀ ಅಂಗಡಿ ಮುಂದೆ ನಿಂತಿದ್ದಾನಾ? ಹಾಗಾದರೆ ಕೂತ್ಕೊಳ್ಳಿ. ಈ ವಾರ ಯಾವ ನಾಯಕ ನಟನ ಸುದ್ದಿಯೂ ಇಲ್ಲ, ಯಾವ ನಾಯಕಿಯ ಮದುವೆಯ ಗಾಳಿಸುದ್ದಿಯೂ ಇಲ್ಲ. ಬೆಳ್ಳಿತೆರೆಯ ಮೇಲೆ ಹೆಸರೇ ಬಾರದ ನಾಲ್ಕು ಹುಡುಗರ ಕಥೆ ಹೇಳ್ತೀನಿ. ಆ ನಾಲ್ವರಲ್ಲಿ ನಾನೂ ಒಬ್ಬ. ಕಥೆಯ ವಿಲನ್ನೂ ನಾನೇ!

2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಿಂದ ಒಂದು ಸುದ್ದಿ ಬಂತು. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿ, ಡಾಕ್ಟರಿಕೆ ಓದಿ ಸಿನಿಮಾಕ್ಕೆ ಬಂದ ನಮ್ಮ ಕನ್ನಡದ ಹುಡುಗ ಚಿದಾನಂದ ಎಸ್. ನಾಯ್ಕ್ ತೆಗೆದ ಕನ್ನಡ ಕಿರುಚಿತ್ರಕ್ಕೆ ಅಲ್ಲಿನ ‘ಲಾ ಸಿನೆಫ್’ ವಿಭಾಗದಲ್ಲಿ ಮೊದಲ ಬಹುಮಾನ! ಇದು ವಿದ್ಯಾರ್ಥಿಗಳ ಚಿತ್ರಗಳಿಗೇ ಇರೋ ವಿಭಾಗ. ಲೋಕದ 555 ಸಿನಿಮಾ ಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ ಆರಿಸಿದ್ದು ಬರೀ 18. ಆ ಹದಿನೆಂಟರಲ್ಲಿ ನಮ್ಮ ಹುಡುಗ ಫಸ್ಟು. ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಅಂತ ಹೆಸರು. ಅಜ್ಜಿಯೊಬ್ಬಳು ಊರಿನ ಹುಂಜ ಕದ್ದುಬಿಡ್ತಾಳೆ, ಊರಿಗೆ ಬೆಳಕೇ ಹರಿಯೋದಿಲ್ಲ – ಇದು ಕಥೆ. ಅಂದಮೇಲೆ ಚಿತ್ರವೆಲ್ಲ ರಾತ್ರಿಯೇ! ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕು ದಿನ.

ರಾತ್ರಿ, ಹಳ್ಳಿ, ಅಜ್ಜಿ, ವಿದ್ಯಾರ್ಥಿಗಳು... ಸುದ್ದಿ ಓದಿದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅರ್ಧ ಸಂತೋಷಕ್ಕೆ. ಇನ್ನರ್ಧ, 1987ರಲ್ಲಿ ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ ನಾವು ಕಳೆದ ರಾತ್ರಿ ನೆನಪಾಗಿ.

ಎರಡು ಡಬ್ಬಿ ಫಿಲಂ

ನಾನಾಗ ಒಂದು ಸಂಸ್ಥೆಯಲ್ಲಿ ಸಿನಿಮಾ ಕಲೀತಿದ್ದೆ. ಯಾವ ಸಂಸ್ಥೆ ಅಂತ ಕೇಳಬೇಡಿ, ಹೆಸರು ಬೇಡ. ಕೊನೇ ವರ್ಷ ಎಲ್ಲರೂ ಒಂದೊಂದು ಡಿಪ್ಲೊಮಾ ಚಿತ್ರ ಮಾಡಬೇಕು. ನಿರ್ದೇಶನದ ಹುಡುಗ ಒಬ್ಬ, ಕ್ಯಾಮೆರಾ ಹುಡುಗ ಒಬ್ಬ, ಸೌಂಡಿಗೊಬ್ಬ, ಎಡಿಟಿಂಗಿಗೊಬ್ಬ. ಒಂದೇ ಚಿತ್ರ, ನಾಲ್ಕು ಪರೀಕ್ಷೆ! ಒಬ್ಬ ಮುಗ್ಗರಿಸಿದರೆ ಇನ್ನೊಬ್ಬನೂ ಬೀಳ್ತಾನೆ.

ಆ ಕಾಲದ ಹುಡುಗರಿಗೆಲ್ಲ ತಲೆಯೊಳಗೆ ಒಂದೇ ಕನಸು. ನಮ್ಮ ಗಿರೀಶ್ ಕಾಸರವಳ್ಳಿ ಪುಣೆಯಲ್ಲಿ ಓದುವಾಗಲೇ ‘ಅವಶೇಷ್’ ಅಂತ ಡಿಪ್ಲೊಮಾ ಚಿತ್ರ ತೆಗೆದು ರಾಷ್ಟ್ರಪ್ರಶಸ್ತಿ ಹೊಡೆದವರು. ಎರಡೇ ವರ್ಷದಲ್ಲಿ, 1977ಕ್ಕೆ, ‘ಘಟಶ್ರಾದ್ಧ’ದಿಂದ ಸ್ವರ್ಣ ಕಮಲ. ನಮಗೂ ಹಾಗೇ ಆಗತ್ತೆ ಅಂತ ಹಾಸ್ಟೆಲ್ಲಿನಲ್ಲಿ ಕೂತು ಲೆಕ್ಕ ಹಾಕಿದವನು ನಾನೊಬ್ಬನೇ ಅಲ್ಲ ಬಿಡಿ.

ನನ್ನ ಕ್ಯಾಮೆರಾಮನ್ ಹೆಸರು ಹೇಳೋದಿಲ್ಲ. ಅವನನ್ನ ನಾವೆಲ್ಲ ‘ಮೀಟ್ರು’ ಅಂತಲೇ ಕರೀತಿದ್ದೆವು. ಕೊರಳಲ್ಲಿ ಯಾವಾಗಲೂ ಲೈಟ್ ಮೀಟರು. ಕ್ಯಾಂಟೀನಿನಲ್ಲಿ ಇಡ್ಲಿ ತಟ್ಟೆ ಮುಂದೆ ಕೂಡಾ ಮೀಟರು ಹಿಡಿದು, “ಈ ಕಿಟಕಿ ಹತ್ರ ನಾಲ್ಕು, ಆ ಮೂಲೇಲಿ ಎರಡೂ ಇಲ್ಲ ಕಣೋ” ಅನ್ನೋನು. ತುಮಕೂರಿನ ಹುಡುಗ. ಅಪ್ಪ ಟೈಲರು. ಸಾಲ ಮಾಡಿ ಓದಿಸ್ತಿದ್ದರು.

ನಮಗೆ ಕೊಟ್ಟಿದ್ದು 16 ಎಂ.ಎಂ. ಕಪ್ಪು-ಬಿಳುಪು ಕಚ್ಚಾ ಫಿಲಂ, 400 ಅಡಿಯ ಎರಡು ಡಬ್ಬಿ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡತ್ತೆ ಅಂತ ನಿಮಗೆ ಗೊತ್ತು. ಆ ವೇಗದಲ್ಲಿ 16 ಎಂ.ಎಂ. ನಿಮಿಷಕ್ಕೆ 36 ಅಡಿ ನುಂಗತ್ತೆ. ಅಂದರೆ 400 ಅಡಿಗೆ ಹನ್ನೊಂದು ನಿಮಿಷ. ಎರಡು ಡಬ್ಬಿಗೆ ಇಪ್ಪತ್ತೆರಡು. ನಮ್ಮ ಚಿತ್ರ ಆರು ನಿಮಿಷದ್ದು. ಒಂದು ಶಾಟಿಗೆ ಸರಾಸರಿ ಮೂರು ಟೇಕು, ಅಷ್ಟೇ. ಈಗಿನ ಹುಡುಗರು ಮೊಬೈಲಿನಲ್ಲಿ ಒಂದು ರೀಲ್ಸಿಗೆ ಮೂವತ್ತು ಟೇಕು ತಗೊಳ್ತಾರೆ, ನೋಡಿ ಹೊಟ್ಟೆ ಉರಿಯತ್ತೆ ಸ್ವಾಮಿ!

ಕಥೆ ಸರಳ. ಬೆಂಗಳೂರಿಗೆ ಹೋದ ಮಗ ಕೊನೇ ಬಸ್ಸಿಗೆ ಬರ್ತಾನೆ ಅಂತ ಮುದುಕಿಯೊಬ್ಬಳು ಲಾಟೀನು ಹಿಡಿದು ಕಾಯ್ತಾಳೆ. ಬಸ್ಸು ಬರತ್ತೆ, ನಿಲ್ಲದೆ ಹೋಗತ್ತೆ. ಆಕೆ ಒಳಗೆ ಬಂದು ಲಾಟೀನು ಗೂಟಕ್ಕೆ ಹಾಕ್ತಾಳೆ. ಆಗ ಆಕೆಯ ಮುಖ – ಕ್ಲೋಸಪ್. ಚಿತ್ರ ಇರೋದೇ ಆ ಮುಖದಲ್ಲಿ.

ಮೂವತ್ತೊಂದು ಶಾಟ್!

ಶೂಟಿಂಗಿಗೆ ಒಂದು ವಾರ ಮುಂಚೆ ನಾನೂ ಮೀಟ್ರೂ ಬಸ್ಸು ಹತ್ತಿ ಹಳ್ಳಿಗೆ ಹೋದೆವು. ತೊಟ್ಟಿ ಮನೆ. ಮಣ್ಣಿನ ಗೋಡೆ, ಹೊಗೆ ಹಿಡಿದ ಜಂತೆ. ಮನೆಯ ಅಜ್ಜಿಯೇ ನಮ್ಮ ನಾಯಕಿ! ಬೇರೆ ಆರ್ಟಿಸ್ಟ್ ಕರೆಸೋಕೆ ದುಡ್ಡೆಲ್ಲಿ? “ನಾನೇನು ಮಾಡಬೇಕು ಮಗಾ?” ಅಂತ ಕೇಳಿದರು. “ಏನೂ ಬೇಡ ಅಜ್ಜಿ, ಸುಮ್ನೆ ಕಾಯಬೇಕು” ಅಂದೆ. “ಅದು ಬರ್ತದೆ ಬಿಡು” ಅಂದರು.

ಮೀಟ್ರು ಮನೆಯ ಮೂಲೆ ಮೂಲೆ ಅಳೆದ. ಕೊನೆಗೆ ಮನೆಯ ಕರೆಂಟಿನ ಬೋರ್ಡ್ ಮುಂದೆ ನಿಂತು ತಲೆ ಕೆರೆದುಕೊಂಡ. ಅದು 5 ಆಂಪಿಯರ್ ಲೈನು. 230 ವೋಲ್ಟಿಗೆ ಐದು ಆಂಪಿಯರ್ ಅಂದರೆ 1,150 ವ್ಯಾಟ್. ನಮ್ಮ ಹತ್ತಿರ ಇದ್ದದ್ದು 1,000 ವ್ಯಾಟಿನ ಎರಡು ‘ಬೇಬಿ’, 2,000 ವ್ಯಾಟಿನ ಒಂದು ‘ಟೂ ಕೆ’. ಬೇಬಿ ಅಂದರೆ ಎಳೇ ಮಗು ಅಂದ್ಕೋಬೇಡಿ, ಹತ್ತಿರ ಹೋದರೆ ಚರ್ಮ ಸುಡೋ ದೀಪ. ಒಂದು ಬೇಬಿ ಹಚ್ಚಿದರೇ ಮನೆಯ ಲೈನು ಏದುಸಿರು ಬಿಡತ್ತೆ. ಎರಡನೇದು ಹಚ್ಚಿದರೆ ಫ್ಯೂಸ್ ಢಮಾರ್!

ಜನರೇಟರ್ ಬಾಡಿಗೆಗೆ ತರೋಕೆ ನಮ್ಮ ಕೈಲಿ ಆಗೋದಿಲ್ಲ. ಪಕ್ಕದ ತೋಟದ ಗೌಡರ ಪಂಪ್‌ಸೆಟ್ಟಿಗೆ ಮೂರು ಫೇಸಿನ ಲೈನಿತ್ತು. ರಾತ್ರಿ ಹತ್ತಕ್ಕೆ ಕರೆಂಟು ಬರತ್ತೆ, ಬೆಳಗಿನ ನಾಲ್ಕಕ್ಕೆ ಹೋಗತ್ತೆ. ಗೌಡರು ದೊಡ್ಡ ಮನಸ್ಸು ಮಾಡಿದರು. “ಮೂರು ಗಂಟೆ ತನಕ ನಾನೂ ಮೋಟ್ರು ಹಾಕಾಕಿಲ್ಲ, ಅಕ್ಕಪಕ್ಕದೋರಿಗೂ ಹೇಳ್ತೀನಿ. ಮೂರಾದ್ ಮೇಲೆ ಹಿಪ್ಪುನೇರಳೆ ಸೊಪ್ಪಿಗೆ ನೀರು ಬಿಡ್ಲೇಬೇಕು, ಹುಳ ಹಸ್ಕೊಂಡ್ರೆ ನಮ್ ಹೊಟ್ಟೆಗೂ ಇಲ್ಲ” ಅಂದರು.

ವಾಪಸು ಬರುವಾಗ ಬಸ್ಸಿನಲ್ಲೇ ಮೀಟ್ರು ಟಿಕೆಟಿನ ಹಿಂದೆ ಲೆಕ್ಕ ಬರೆದ. ಹತ್ತರಿಂದ ಮೂರು, ಐದು ಗಂಟೆ, 300 ನಿಮಿಷ. ದೀಪಗಳನ್ನ ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ನಿಲ್ಲಿಸೋಕೆ ಪ್ರತಿ ಸಲ ನಲವತ್ತು ನಿಮಿಷ. ನಾಲ್ಕು ಸಲಕ್ಕೆ 160. ಉಳಿದದ್ದು 140. ಮಾನಿಟರು, ಟೇಕು ಎಲ್ಲಾ ಸೇರಿ ಒಂದು ಶಾಟಿಗೆ ಹತ್ತು ನಿಮಿಷ. “ಹದಿನಾಲ್ಕು ಶಾಟ್ ಕಣೋ. ಅದಕ್ಕಿಂತ ಒಂದೂ ಜಾಸ್ತಿ ಆಗಲ್ಲ. ಒಂದು ಕಡೆ ಲೈಟಿಟ್ಟರೆ ಆ ಕಡೆಯ ಶಾಟೆಲ್ಲ ಮುಗಿಸಿಬಿಡೋಣ, ಕಥೆ ಹಿಂದೆ ಮುಂದೆ ಆದ್ರೂ ಪರವಾಗಿಲ್ಲ. ಅಜ್ಜಿ ಕ್ಲೋಸಪ್ಪು ಮೊದಲು” ಅಂದ.

ನಾನೇನು ಅಂದೆ ಗೊತ್ತಾ? “ನಿರ್ದೇಶಕ ನಾನಾ, ನೀನಾ?”

ನನ್ನ ಪಟ್ಟಿಯಲ್ಲಿ ಮೂವತ್ತೊಂದು ಶಾಟು! ಅಜ್ಜಿಗೆ ಅಭಿನಯ ಗೊತ್ತಿಲ್ಲ, ಕಥೆಯ ಕ್ರಮದಲ್ಲೇ ತೆಗೆದರೆ ಆಕೆಗೆ ಭಾವ ಬರತ್ತೆ, ಕ್ಲೋಸಪ್ ಕೊನೆಗೇ ಬರಬೇಕು ಅಂತ ವಾದ ಮಾಡಿದೆ. ವಾದ ಪೂರ್ತಿ ಸುಳ್ಳೇನಲ್ಲ. ಆದರೆ 140 ನಿಮಿಷದಲ್ಲಿ ಮೂವತ್ತೊಂದು ಶಾಟ್ ಹೇಗೆ ಅಂತ ನಾನು ಒಂದು ಸಲವೂ ಕೂಡಿಸಿ ಕಳೆದು ನೋಡಲಿಲ್ಲ.

ಕನ್ನಡಿ ಮತ್ತು ಬಿಳೀ ಬಟ್ಟೆ

ಇಲ್ಲಿ ಒಂದು ಮಾತು. ದೀಪ ಜಾಸ್ತಿ ಇದ್ದರೆ ಲೈಟಿಂಗು ಚೆನ್ನಾಗಿರತ್ತೆ ಅಂತ ನೀವು ತಿಳಿದಿದ್ದರೆ ಅದು ತಪ್ಪು. ಮೀಟ್ರುವಿನ ಇಬ್ಬರು ದೇವರು ಇದಕ್ಕೆ ಸಾಕ್ಷಿ.

ಒಬ್ಬರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಬೊಂಬಾಯಿಗೆ ಹೋಗಿ ಗುರುದತ್ ಚಿತ್ರಗಳಿಗೆ ಬೆಳಕಾದವರು. 1959ರ ‘ಕಾಗಜ್ ಕೆ ಫೂಲ್’ನಲ್ಲಿ ಕತ್ತಲೆ ಸ್ಟುಡಿಯೋದೊಳಗೆ ಮೇಲಿನಿಂದ ಕೋಲಿನಂತೆ ಇಳಿಯೋ ಬೆಳಕು ನೋಡಿದ್ದೀರಾ? ಅದು ದೀಪವಲ್ಲ, ಬಿಸಿಲು! ದೊಡ್ಡ ಕನ್ನಡಿಯೊಂದರಿಂದ ಹೊರಗಿನ ಬಿಸಿಲು ಹಿಡಿದು, ಇನ್ನೊಂದು ಕನ್ನಡಿಯಿಂದ ಒಳಕ್ಕೆ ಇಳಿಸಿದರು. ಚಿತ್ರ ಆಗ ನೆಲ ಕಚ್ಚಿತು, ಆದರೆ ಆ ಬೆಳಕು ಇನ್ನೂ ಹಾಗೇ ಇದೆ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ‘ಹೂವು ಹಣ್ಣು’ ಚಿತ್ರದಲ್ಲಿ ಕನ್ನಡಕ್ಕೂ ಕ್ಯಾಮೆರಾ ಹಿಡಿದರು.

ಇನ್ನೊಬ್ಬರು ಬಂಗಾಳದ ಸುಬ್ರತ ಮಿತ್ರ. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956) ಚಿತ್ರಕ್ಕೆ ಕಾಶಿಯ ಮನೆಯ ಅಂಗಳದ ಸೆಟ್ಟು ಹಾಕಿದ್ದು ಕಲ್ಕತ್ತೆಯ ಸ್ಟುಡಿಯೋದಲ್ಲಿ. ತೆರೆದ ಆಕಾಶದ ತಂಪು ಬೆಳಕು ಎಲ್ಲಿಂದ ತರೋದು? ಸೆಟ್ಟಿನ ಮೇಲೆ ಬಿಳೀ ಬಟ್ಟೆ ಬಿಗಿದು, ಕೆಳಗಿನಿಂದ ಆ ಬಟ್ಟೆಗೆ ದೀಪ ಬಿಟ್ಟರು. ಬಟ್ಟೆಗೆ ಬಡಿದು ಇಳಿದ ಬೆಳಕಿಗೆ ಗಡಸು ನೆರಳೇ ಇಲ್ಲ. ಈಗ ಶೂಟಿಂಗಿನಲ್ಲಿ ‘ಬೌನ್ಸ್’ ಅಂತ ಥರ್ಮಾಕೋಲ್ ಹಿಡಿದು ನಿಲ್ತಾರಲ್ಲ, ಅದೇ ಕೆಲಸ.

ಮೀಟ್ರು ಹಾಸ್ಟೆಲ್ಲಿನಿಂದ ನಾಲ್ಕು ಬಿಳೀ ಬೆಡ್‌ಶೀಟು ತಂದಿದ್ದ. ಅದರಲ್ಲಿ ಎರಡು ನನ್ನವೇ, ಕೇಳದೆ ತಂದಿದ್ದು! ಹಜಾರದ ಜಂತೆಗೆ ಎರಡು ಕಟ್ಟಿ ಅದಕ್ಕೆ ಟೂ ಕೆ ತಿರುಗಿಸಿದ. ಮಣ್ಣಿನ ಮನೆಯೆಲ್ಲ ಬೆಳದಿಂಗಳು ಕುಡಿದ ಹಾಗೆ ಮಂಕಾಗಿ ಬೆಳಗಿತು. ಲಾಟೀನಿನ ಬೆಳಕಿಗೆ ಇನ್ನೊಂದು ಉಪಾಯ. ಲಾಟೀನು ಉರಿಯೋದು ನೋಡೋರ ಕಣ್ಣಿಗೆ ಮಾತ್ರ, ಫಿಲಮ್ಮಿಗೆ ಅದರ ಬೆಳಕು ಸಾಲದು. ನಮ್ಮ ಫಿಲಂ ದೀಪದ ಬೆಳಕಿಗೆ 200 ಎ.ಎಸ್.ಎ.; ನಮ್ಮ ಜೂಮ್ ಲೆನ್ಸು ಪೂರ್ತಿ ಬಾಯಿ ಬಿಟ್ಟರೆ 2.2. ಅದಕ್ಕೆ ಲಾಟೀನಿನ ದಿಕ್ಕಿನಲ್ಲೇ, ಚೌಕಟ್ಟಿನ ಹೊರಗೆ, ಹತ್ತಡಿ ದೂರದಲ್ಲಿ ಬಟರ್ ಪೇಪರ್ ಕಟ್ಟಿದ ಬೇಬಿ. ನಮ್ಮ ಲೈಟಣ್ಣ ಅದರ ಮುಂದೆ ಬೆರಳಾಡಿಸ್ತಾ ಕೂತರೆ ಗಾಳಿಗೆ ಬತ್ತಿ ತೂಗಿದ ಹಾಗೇ ಕಾಣತ್ತೆ. ಇನ್ನೊಂದು ಬೇಬಿ ಹಿಂದಿನಿಂದ, ಅಜ್ಜಿಯ ನರೆಗೂದಲ ಅಂಚಿಗೆ. ಅದು ಇಲ್ಲದಿದ್ದರೆ ತಲೆ ಕತ್ತಲ ಗೋಡೆಯೊಳಗೆ ಕರಗಿಹೋಗತ್ತೆ.

ಮೂರೇ ದೀಪ. ಮೂರು ಫೇಸಿಗೆ ಒಂದೊಂದು. ಮೀಟ್ರು ಮಾಡಿದ ಪ್ಲಾನಿನಲ್ಲಿ ಒಂದು ತಪ್ಪೂ ಇರಲಿಲ್ಲ, ಗುರೂ.

ಗೌಡರ ಮೋಟ್ರು

“ಸೈಲೆನ್ಸ್! ಸ್ಟಾರ್ಟ್ ಕ್ಯಾಮೆರಾ!” ಅಂತ ನಾನು ಮೊದಲ ಸಲ ಕೂಗಿದಾಗ ಹತ್ತೂಮುಕ್ಕಾಲು. ನಾಯಿ ಬೊಗಳಿ ಟೇಕ್ ಎನ್‌ಜಿ. ಹೊರಗಿನ ಎರಡು ಶಾಟ್ ಆದಮೇಲೆ ಕಥೆಯ ಕ್ರಮ ಅಂತ ದೀಪ ಒಳಗೆ. ಒಳಗಿನ ಒಂದು ಶಾಟ್ ಆದಮೇಲೆ ಮತ್ತೆ ಹೊರಗೆ. ಲೈಟಣ್ಣ ಬಿಸಿ ಬೇಬಿಯನ್ನ ಹಳೇ ಟವೆಲಿನಲ್ಲಿ ಹಿಡಿದು ಒಳಗೆ ಹೊರಗೆ ಓಡಾಡಿ, “ಇವತ್ತು ಸಿನಿಮಾ ತೆಗಿತಿದ್ದೀರೋ, ಮನೆ ಬದಲಾಯಿಸ್ತಿದ್ದೀರೋ ಸಾರ್?” ಅಂತ ಕೇಳೇಬಿಟ್ಟ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿ.

ಎರಡೂವರೆಗೆ ಆಗಿದ್ದು ಒಂಬತ್ತು ಶಾಟ್.

ಅಜ್ಜಿ ಲಾಟೀನು ಗೂಟಕ್ಕೆ ಹಾಕೋ ಜಾಗದಲ್ಲಿ ದೀಪ ನಿಲ್ಲಿಸಿ ಮುಗಿಯೋ ಹೊತ್ತಿಗೆ ಮೂರೂ ಕಾಲು. ಅಜ್ಜಿಗೆ ಆಗಲೇ ತೂಕಡಿಕೆ. ಮಾನಿಟರ್ ಮಾಡಿದೆವು. ಆಹಾ! ಆ ಮುದುಕಿ ಲಾಟೀನು ತೂಗುಹಾಕಿ, ಬಾಗಿಲ ಕಡೆಗೊಮ್ಮೆ ನೋಡಿ, ಸೆರಗಿನಲ್ಲಿ ಕೈ ಒರೆಸಿಕೊಂಡರು. ಯಾವ ನಟಿಗೂ ಹೇಳಿಕೊಡೋಕೆ ಆಗದ ಒರೆಸು ಅದು. ನನ್ನ ಗಂಟಲು ಕಟ್ಟಿತು. ಅಷ್ಟರಲ್ಲಿ ದೂರದಲ್ಲಿ ಧಡ್ ಧಡ್ ಧಡ್... ಗೌಡರ ಮೋಟ್ರು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕೊಟ್ಟ ಮಾತು ಅವರು ಉಳಿಸಿಕೊಂಡಿದ್ದರು, ಹದಿನೈದು ನಿಮಿಷ ಜಾಸ್ತಿಯೇ ಕಾದಿದ್ದರು.

ಮೀಟ್ರು ಅಜ್ಜಿಯ ಕೆನ್ನೆ ಹತ್ತಿರ ಮೀಟರ್ ಹಿಡಿದ. ಮತ್ತೆ ಹಿಡಿದ. “ಬೆಳಕು ಬಿದ್ದಿದೆ ಕಣೋ. 1.4 ಕೇಳ್ತಿದೆ” ಅಂದ. ಲೈಟಣ್ಣ ತನ್ನ ವೋಲ್ಟ್ ಮೀಟರ್ ಚುಚ್ಚಿ ನೋಡಿದ. 180.

ಇದರ ಗುಟ್ಟು ಕೇಳಿ. ತಂತಿ ಕಾದು ಬೆಳಗೋ ದೀಪಕ್ಕೆ ವೋಲ್ಟೇಜು ಕಾಲು ಭಾಗವೂ ಇಳಿಯಬೇಕಿಲ್ಲ. 230 ಹೋಗಿ 180 ಆದರೆ ಸಾಕು, ಬೆಳಕು ಅರ್ಧಕ್ಕಿಂತ ಕೆಳಗೆ ಬೀಳತ್ತೆ! ನಮ್ಮ ಕಣ್ಣು ಮೋಸಗಾರ. ಪಾಪೆ ಅಗಲಿಸಿಕೊಂಡು ‘ಎಲ್ಲಾ ಸರಿಯಾಗೇ ಇದೆ’ ಅನ್ನತ್ತೆ. ಫಿಲಮ್ಮಿಗೆ ಆ ಚಾಲಾಕು ಗೊತ್ತಿಲ್ಲ.

“ಕಣ್ಣಿಗೆ ಚೆನ್ನಾಗೇ ಕಾಣ್ತಿದೆಯಲ್ಲೋ, ತೆಗಿ” ಅಂದೆ.

“ಹತ್ತು ನಿಮಿಷ ಕೊಡು ಮಾರಾಯ. ಬೇಬೀನ ಹತ್ತಡಿಯಿಂದ ಆರೂವರೆ ಅಡಿಗೆ ತರ್ತೀನಿ, ಲೆಕ್ಕ ಸರಿಹೋಗತ್ತೆ.”

ಅವನ ಲೆಕ್ಕ ಸರಿ. ದೀಪ ಎರಡು ಪಾಲು ದೂರ ಹೋದರೆ ಬೆಳಕು ಕಾಲು ಪಾಲಾಗತ್ತೆ, ಹತ್ತಿರ ಬಂದರೆ ಹಾಗೇ ಏರತ್ತೆ. ಆರೂವರೆ ಅಡಿಗೆ ಬಂದರೆ ಕಳೆದುಹೋದ ಬೆಳಕೆಲ್ಲ ವಾಪಸು. ಆದರೆ ದೀಪ ಹತ್ತಿರ ಬಂದರೆ ಚೌಕಟ್ಟಿನೊಳಗೆ ಸ್ಟ್ಯಾಂಡು ಕಾಣತ್ತೆ, ಕ್ಯಾಮೆರಾ ಸರಿಸಬೇಕು. ನಾಲ್ಕಕ್ಕೆ ಕರೆಂಟು ಹೋಗತ್ತೆ. ಪಟ್ಟಿಯಲ್ಲಿ ಇನ್ನೂ ಇಪ್ಪತ್ತೊಂದು ಶಾಟು. ಅಜ್ಜಿಯ ಕಣ್ಣು ಮುಚ್ಚಿಹೋಗ್ತಿದೆ.

“ಹತ್ತು ನಿಮಿಷ ಇಲ್ಲ. ತೆಗೀತೀಯೋ, ನಾನೇ ಸ್ವಿಚ್ ಒತ್ತಲೋ?”

ಅವನು ನನ್ನ ಮುಖವನ್ನೇ ನೋಡಿದ. ಮೀಟರು ಜೇಬಿಗೆ ಹಾಕಿಕೊಂಡ. ಐಪೀಸಿಗೆ ಕಣ್ಣಿಟ್ಟ. ಎರಡು ಟೇಕು. ಆಮೇಲೆ ಮೂರು ಚಿಲ್ಲರೆ ಶಾಟ್ ತೆಗೆಯೋ ಹೊತ್ತಿಗೆ ಡಬ್ಬಿಯೂ ಖಾಲಿ, ಕರೆಂಟೂ ಹೋಯ್ತು. ಒಟ್ಟು ಹದಿಮೂರು ಶಾಟು. ಟಿಕೆಟಿನ ಹಿಂದೆ ಬರೆದಿದ್ದಕ್ಕಿಂತ ಒಂದು ಕಮ್ಮಿ.

ಮದರಾಸಿನಿಂದ ಬಂದ ಡಬ್ಬಿ

ಲ್ಯಾಬಿನಿಂದ ರಷಸ್ ಬಂದಾಗ ಎಲ್ಲರೂ ಕತ್ತಲೆ ಕೋಣೆಯಲ್ಲಿ ಕೂತೆವು. ಹಜಾರದ ಶಾಟುಗಳು ಬಂಗಾರ! ಮೇಷ್ಟರು ಒಬ್ಬರು ಚಪ್ಪಾಳೆಯನ್ನೇ ತಟ್ಟಿದರು. ಕೊನೆಗೆ ಕ್ಲೋಸಪ್ಪು. ಕೆಸರು ನೀರಿನಲ್ಲಿ ಮುಖ ಅದ್ದಿದ ಹಾಗೆ. ಕಪ್ಪು ಕಪ್ಪಲ್ಲ, ಬಿಳುಪು ಬಿಳುಪಲ್ಲ, ಎಲ್ಲೆಲ್ಲೂ ಕಾಳು ಕಾಳು ಬೂದಿ. ಅಜ್ಜಿಯ ಕೈ ಒರೆಸೋದು ಕಾಣತ್ತೆ, ಕಣ್ಣು ಕಾಣೋದಿಲ್ಲ. ಮತ್ತೆ ತೆಗೆಯೋಣ ಅಂದರೆ ಫಿಲಂ ಇಲ್ಲ. “ಕೊಟ್ಟಿದ್ದು ಮುಗೀತು” ಅಂದರು ಆಫೀಸಿನವರು.

ಪರೀಕ್ಷಕರು ಬಂದರು. ನನ್ನ ನಿರ್ದೇಶನಕ್ಕೆ ಒಳ್ಳೇ ಮಾರ್ಕು: “ಮುದುಕಿಯಿಂದ ಅಭಿನಯ ಚೆನ್ನಾಗಿ ತೆಗೆಸಿದ್ದಾನೆ.” ಛಾಯಾಗ್ರಹಣಕ್ಕೆ: “ಮುಖ್ಯ ಶಾಟಿನಲ್ಲೇ ಎಕ್ಸ್‌ಪೋಷರ್ ತಪ್ಪಿದೆ.” ಮೀಟ್ರು ಫೇಲ್.

ಅವನು ಅಲ್ಲೇ ನಿಂತಿದ್ದ. ‘ನಾನು ಬೇಡ ಅಂದೆ, ಇವನೇ ತೆಗೆಸಿದ’ ಅಂತ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ‘ತಪ್ಪು ನನ್ನದು ಸಾರ್’ ಅಂತ ಒಂದು ಮಾತು ನನ್ನ ಬಾಯಿಂದಲೂ ಬರಲಿಲ್ಲ. ಮುಂದಿನ ವರ್ಷ ಮತ್ತೆ ಕಟ್ಟೋಕೆ ಅವನಪ್ಪನ ಹತ್ತಿರ ದುಡ್ಡಿರಲಿಲ್ಲ. ಊರಿಗೆ ಹೋದ, ಮದುವೆ ವಿಡಿಯೋ ಹಿಡಿದ, ಸ್ಟುಡಿಯೋ ಇಟ್ಟ. ನಾನೇನು ಕಾಸರವಳ್ಳಿ ಆದೆನಾ? ಗಾಂಧಿನಗರದಲ್ಲಿ ನಾಲ್ಕು ವರ್ಷ ಅಸಿಸ್ಟೆಂಟ್ ಆಗಿ ಅಲೆದು, ಸಿನಿಮಾ ಮಾಡೋದು ಬಿಟ್ಟು ಸಿನಿಮಾ ಬಗ್ಗೆ ಬರೆಯೋನಾದೆ.

ಕಾನ್ ಸುದ್ದಿ ಓದಿದ ಮಾರನೇ ದಿನ ತುಮಕೂರಿಗೆ ಫೋನ್ ಮಾಡಿದೆ. ಎಷ್ಟು ವರ್ಷವಾಗಿತ್ತೋ! ನನ್ನ ಅಕ್ಕನ ಮೊಮ್ಮಗ ಕಾಲೇಜಿನಲ್ಲಿ ಕಿರುಚಿತ್ರ ತೆಗೀತಿದ್ದಾನೆ, ರಾತ್ರಿ ಶೂಟಿಂಗು, ಬಂದು ಒಂದು ಸಲ ನೋಡ್ತೀಯಾ ಅಂತ ನೆಪ ಹೇಳಿದೆ. ಬಂದ. ತಲೆ ಪೂರ್ತಿ ನರೆತಿದೆ. ಕೊರಳಲ್ಲಿ ಅದೇ ಮೀಟರು!

ಹುಡುಗರ ಹತ್ತಿರ 200 ವ್ಯಾಟಿನ ಎರಡು ಎಲ್‌ಇಡಿ. ಒಂದೊಂದೂ ನಮ್ಮ ಹಳೇ ಬೇಬಿಗೆ ಸಮ, ಮುಟ್ಟಿದರೆ ಕೈ ಸುಡೋದಿಲ್ಲ, ಬ್ಯಾಟರಿಯಲ್ಲೂ ಉರಿಯತ್ತೆ, ವೋಲ್ಟೇಜು ಬಿದ್ದರೂ ಬೆಳಕು ಬೀಳೋದಿಲ್ಲ. ಮೀಟ್ರು ಅದನ್ನ ತಿರುಗಿಸಿ ಮುರುಗಿಸಿ ನೋಡಿದ, ಮಕ್ಕಳ ಆಟದ ಸಾಮಾನಿನ ಹಾಗೆ.

ಟೀ ಕುಡಿಯುವಾಗ ನಾನು ಬಾಯಿಬಿಟ್ಟೆ. ಅವತ್ತು ಪರೀಕ್ಷಕರ ಮುಂದೆ ನಾನು ಹೇಳಬೇಕಿತ್ತು ಕಣೋ, ಅಂದೆ.

ಅವನು ಲೋಟ ಕೆಳಗಿಟ್ಟ. “ಹೌದು, ಹೇಳಬೇಕಿತ್ತು” ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “180 ಇತ್ತು ಅಲ್ವಾ? ನಾನೂ ಸ್ವಿಚ್ ಒತ್ತಬಾರದಿತ್ತು” ಅಂದ.

ಅಷ್ಟರಲ್ಲಿ ಹುಡುಗರು ಶಾಟ್ ಪಟ್ಟಿ ಹಿಡಿದು ಬಂದರು. ಇಪ್ಪತ್ತಾರು ಶಾಟು, ಒಂದು ರಾತ್ರಿ! ಮೀಟ್ರು ಕನ್ನಡಕ ಏರಿಸಿ, “ಯಾರಾದ್ರೂ ಒಂದು ಪೆನ್ ಕೊಡ್ರಪ್ಪ” ಅಂದ.